ಪುಟ್ಟ ಟ್ಯಾಂಕಿನಲ್ಲಿ ಹವಳ ಸಾಕುವ ಬಗೆ: ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಹವಳ ಸಾಕಲು ಹೊರಟವರು ಮೊದಲು ಕೇಳುವುದೇ ನಂಬರು. ಉಪ್ಪು ಎಷ್ಟಿರಬೇಕು, ಕ್ಯಾಲ್ಸಿಯಂ ಎಷ್ಟಿರಬೇಕು, ಲೈಟು ಎಷ್ಟು ಹೊತ್ತು ಉರಿಯಬೇಕು ಅಂತ. ನಂಬರು ಬೇಕೇ ಬೇಕು, ಎಲ್ಲವನ್ನೂ ಮುಂದೆ ಕೊಟ್ಟಿದ್ದೇನೆ. ಆದರೆ ಪುಟ್ಟ ಟ್ಯಾಂಕಿನಲ್ಲಿ ಹವಳವನ್ನು ಹೆಚ್ಚಾಗಿ ಕೊಲ್ಲುವುದು ಏರಿಳಿತ. ಇವತ್ತೊಂದು ನಂಬರು, ನಾಡಿದ್ದು ಇನ್ನೊಂದು ಬಂದರೆ ಹವಳಕ್ಕೆ ತಡೆಯಲು ಆಗುವುದಿಲ್ಲ. ನೂರು ಲೀಟರಿಗಿಂತ ಕಡಿಮೆ ನೀರಿದ್ದಾಗ ಎಲ್ಲವೂ ಬೇಗ ಬದಲಾಗುತ್ತದೆ. ಹಾಗಾಗಿ ಈ ಲೇಖನದ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಇರುತ್ತದೆ: ಇದನ್ನು ಅಲುಗಾಡದ ಹಾಗೆ ಇಡುವುದು ಹೇಗೆ?

ಹವಳ ಅಂದರೆ ಏನು, ಅದಕ್ಕೆ ಏನು ಬೇಕು

ಹವಳ ನೋಡಲು ಗಿಡದ ಹಾಗೆ, ಮುಟ್ಟಿದರೆ ಕಲ್ಲಿನ ಹಾಗೆ. ನಿಜಕ್ಕೂ ಅದು ಪ್ರಾಣಿ. ಪಾಲಿಪ್ ಎನ್ನುವ ಸಣ್ಣ ಸಣ್ಣ ಜೀವಿಗಳು ಗುಂಪಾಗಿ ಸೇರಿ ಒಂದು ಹವಳ ಆಗುತ್ತದೆ. ಪ್ರತಿ ಪಾಲಿಪ್‌ಗೂ ಒಂದು ಬಾಯಿ, ಸುತ್ತ ಕುಟುಕುವ ಎಳೆಗಳು. ಅದರ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಪಾಚಿ ವಾಸವಾಗಿದೆ. ಈ ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಅಲ್ಲಿಂದಲೇ. ಪ್ರತಿಯಾಗಿ ಹವಳ ಪಾಚಿಗೆ ಜಾಗ ಕೊಡುತ್ತದೆ, ತನ್ನ ಕಸದಿಂದ ಸಾರಜನಕ, ರಂಜಕ ಕೊಡುತ್ತದೆ.

ನೀರು ಬಿಸಿಯಾದರೆ ಅಥವಾ ಬೆಳಕು ಒಮ್ಮೆಗೇ ಜಾಸ್ತಿಯಾದರೆ ಈ ಸಂಬಂಧ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಇದನ್ನೇ ಬ್ಲೀಚಿಂಗ್ ಎನ್ನುವುದು. ಸಮುದ್ರದಲ್ಲಿ ಆ ಜಾಗದ ಬೇಸಿಗೆಯ ಗರಿಷ್ಠ ತಾಪಮಾನಕ್ಕಿಂತ ಒಂದು ಡಿಗ್ರಿ ಮೇಲೆ ಸುಮಾರು ನಾಲ್ಕು ವಾರ ಇದ್ದರೆ ಸಾಕು, ರೀಫ್‌ಗಳಲ್ಲಿ, ಅಂದರೆ ಹವಳದ ದಿಬ್ಬಗಳಲ್ಲಿ, ಬ್ಲೀಚಿಂಗ್ ಕಾಣಿಸುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016ರಲ್ಲಿ ಹೀಗೇ ಆಯಿತು, 2017ರಲ್ಲಿ ಮತ್ತೆ ಆಯಿತು. ಅಷ್ಟು ದೊಡ್ಡ ಸಮುದ್ರದಲ್ಲೇ ಒಂದು ಡಿಗ್ರಿಗೆ ಹೀಗಾದರೆ, ಮೇಜಿನ ಮೇಲಿನ ಟ್ಯಾಂಕಿನಲ್ಲಿ ಎಷ್ಟು ಜಾಗ್ರತೆ ಬೇಕು ಹೇಳಿ.

ಸಾಕುವವರ ಲೆಕ್ಕದಲ್ಲಿ ಹವಳ ಮೂರು ಬಗೆ. ಗಟ್ಟಿ ಅಸ್ಥಿ ಇಲ್ಲದ ಮೃದು ಹವಳ: ಝೋಯಾಂಥಿಡ್, ಮಶ್ರೂಮ್, ಲೆದರ್, ಗ್ರೀನ್ ಸ್ಟಾರ್ ಪಾಲಿಪ್. ದೊಡ್ಡ ಪಾಲಿಪ್ ಇರುವ ಗಟ್ಟಿ ಹವಳ, ಅಂದರೆ ಎಲ್‌ಪಿಎಸ್: ಹ್ಯಾಮರ್, ಟಾರ್ಚ್, ಡಂಕನ್, ಕ್ಯಾಂಡಿ ಕೇನ್. ಸಣ್ಣ ಪಾಲಿಪ್ ಇರುವ ಗಟ್ಟಿ ಹವಳ, ಅಂದರೆ ಎಸ್‌ಪಿಎಸ್: ಮಾಂಟಿಪೋರಾ, ಅಕ್ರೋಪೋರಾ. ಸಾಕುವ ಕಷ್ಟವೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಏರುತ್ತದೆ.

ಟ್ಯಾಂಕ್ ಮತ್ತು ಸಾಮಾನು

ಮೊದಲ ಸಲ ಸಾಕುವವರಿಗೆ 60ರಿಂದ 100 ಲೀಟರ್ ಟ್ಯಾಂಕ್ ಒಳ್ಳೆಯದು. 20 ಲೀಟರಿನ ಟ್ಯಾಂಕ್ ನೋಡಲು ಚೆಂದ, ಆದರೆ ಅದರಲ್ಲಿ ತಪ್ಪಿಗೆ ಜಾಗವೇ ಇಲ್ಲ. ಬಿಸಿಲು ನೇರವಾಗಿ ಬೀಳುವ ಕಿಟಕಿ ಪಕ್ಕ ಇಡಬೇಡಿ. ನೀರು, ಕಲ್ಲು, ಗಾಜು ಸೇರಿದರೆ ಭಾರ ತುಂಬಾ ಆಗುತ್ತದೆ, ಸ್ಟ್ಯಾಂಡ್ ಗಟ್ಟಿ ಇರಲಿ, ಮಟ್ಟವಾಗಿರಲಿ.

ಹೀಟರ್, ಅದಕ್ಕೊಂದು ಬೇರೆ ತಾಪಮಾನ ಕಂಟ್ರೋಲರ್, ನೀರಿಗೆ ಹರಿವು ಕೊಡುವ ಪಂಪು, ಹವಳಕ್ಕೆಂದೇ ಮಾಡಿದ ಎಲ್‌ಇಡಿ ಲೈಟ್, ನೀರಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್, ಟೆಸ್ಟ್ ಕಿಟ್‌ಗಳು ಬೇಕು. ಕಂಟ್ರೋಲರ್ ಬೇಡ ಅಂತ ಬಿಡುವವರು ಜಾಸ್ತಿ. ಹೀಟರ್ ಕೆಟ್ಟರೆ ಕೆಲವು ಸಲ ಆಫ್ ಆಗದೆ ಉರಿಯುತ್ತಲೇ ಇರುತ್ತದೆ. ಸಣ್ಣ ಟ್ಯಾಂಕಿನಲ್ಲಿ ಒಂದೇ ರಾತ್ರಿಯಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಲೈಟಿನಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ.

ತಾಪಮಾನ 24ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ. ಒಂದು ದಿನದೊಳಗೆ ಒಂದು ಡಿಗ್ರಿಗಿಂತ ಹೆಚ್ಚು ಏರಿಳಿಯದಂತೆ ನೋಡಿಕೊಳ್ಳಿ. ಕೋಣೆ ಬಿಸಿ ಇದ್ದರೆ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಚಿಲ್ಲರ್ ಬೇಕು.

ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇಷ್ಟು ಸಣ್ಣ ಟ್ಯಾಂಕಿಗೆ ಕಡ್ಡಾಯವಲ್ಲ. ವಾರಕ್ಕೊಮ್ಮೆ ನೀರು ಬದಲಿಸುವ ಶಿಸ್ತು ಇದ್ದರೆ ಅದಿಲ್ಲದೆಯೂ ನಡೆಯುತ್ತದೆ.

ನೀರು ತಯಾರಿಸುವುದು

ನಲ್ಲಿ ನೀರು ಬೇಡ. ಅದರಲ್ಲಿ ಕ್ಲೋರಿನ್, ಫಾಸ್ಫೇಟ್, ಸಿಲಿಕೇಟ್, ಪೈಪಿನಿಂದ ಬಂದ ತಾಮ್ರ ಏನೇನೋ ಇರಬಹುದು. ತಾಮ್ರ ಸ್ವಲ್ಪ ಇದ್ದರೂ ಹವಳಕ್ಕೆ, ಬಸವನಹುಳಕ್ಕೆ, ಸಿಗಡಿಗೆ ವಿಷ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಕೂಡ ದಾಟಿ ಬಂದ ನೀರೇ ಬೇಕು. ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು. ಕುಡಿಯುವ ನೀರಿನ ಆರ್‌ಒ ಮಷೀನಿನ ನೀರು ಸೊನ್ನೆಗೆ ಬರುವುದಿಲ್ಲ. ಕೆಲವು ಮಷೀನುಗಳು ರುಚಿಗೆ ಖನಿಜವನ್ನು ಮತ್ತೆ ಸೇರಿಸುತ್ತವೆ. ಹಾಗಾಗಿ ಅದನ್ನು ಅಳೆಯದೆ ಬಳಸಬೇಡಿ.

ಉಪ್ಪು ಅಂದರೆ ರೀಫ್ ಟ್ಯಾಂಕಿಗೆಂದು ಮಾರುವ ಸಮುದ್ರದ ಉಪ್ಪಿನ ಮಿಶ್ರಣ. ಅಡುಗೆ ಉಪ್ಪು ಅಲ್ಲ. ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಬೇಕಾಗುತ್ತದೆ, ಬ್ರ್ಯಾಂಡ್‌ನಿಂದ ಬ್ರ್ಯಾಂಡಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಮೊದಲು ಬಕೆಟಿಗೆ ನೀರು ಹಾಕಿ, ಪಂಪು ಚಾಲೂ ಮಾಡಿ, ಆಮೇಲೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಗಟ್ಟಿಯಾಗಿ ಬಿಳಿ ಪುಡಿಯ ಹಾಗೆ ತಳಕ್ಕೆ ಕೂರುತ್ತದೆ, ಮತ್ತೆ ಕರಗುವುದಿಲ್ಲ. ನೀರು ಪೂರ್ತಿ ತಿಳಿಯಾಗುವ ತನಕ ಪಂಪು ತಿರುಗುತ್ತಿರಲಿ.

ಉಪ್ಪಿನಂಶ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಭಾಗ, ಇರಬೇಕು. ಸಾಂದ್ರತೆಯ ಲೆಕ್ಕದಲ್ಲಿ 1.026. ರಿಫ್ರ್ಯಾಕ್ಟೋಮೀಟರನ್ನು ಬರೀ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿ ಸುಮ್ಮನಾಗಬೇಡಿ. 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣ ಸಿಗುತ್ತದೆ, ಅದರಲ್ಲೇ ಹೊಂದಿಸಿ. ಸೊನ್ನೆಯಲ್ಲಿ ಸರಿ ಇದ್ದ ಉಪಕರಣ 35ರಲ್ಲಿ ತಪ್ಪು ತೋರಿಸುವುದುಂಟು.

ಕಲ್ಲು ಜೋಡಿಸಿ, ಆಮೇಲೆ ಕಾಯಿರಿ

ರೀಫ್ ಟ್ಯಾಂಕಿನ ನಿಜವಾದ ಫಿಲ್ಟರ್ ಎಂದರೆ ಕಲ್ಲು. ರಂಧ್ರಗಳಿರುವ ಹಗುರ ಕಲ್ಲು ತನ್ನಿ. ಗೋಡೆ ಕಟ್ಟಿದ ಹಾಗೆ ಪೇರಿಸಬೇಡಿ, ಸುತ್ತಲೂ ನೀರು ಹರಿಯುವಂತೆ ಜಾಗ ಬಿಡಿ. ಕಲ್ಲನ್ನು ಮೊದಲು ಇಟ್ಟು ಮರಳನ್ನು ಆಮೇಲೆ ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ, ಬಿಲ ತೋಡುವ ಮೀನು ಅಡಿಯಿಂದ ಮರಳು ತೆಗೆದು ಕಲ್ಲು ಉರುಳಿಸಬಹುದು.

ಆಮೇಲೆ ಸೈಕಲ್, ಅಂದರೆ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ನೆಲೆಯೂರುವಂತೆ ಮಾಡುವುದು. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ, ಜೊತೆಗೆ ಸ್ವಲ್ಪ ಅಮೋನಿಯಾ ಒದಗಿಸಿ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು, ನೈಟ್ರೇಟ್ ಮಾತ್ರ ಕಾಣಿಸುವಾಗ ಸೈಕಲ್ ಮುಗಿದ ಹಾಗೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಈ ದಿನಗಳಲ್ಲಿ ಲೈಟ್ ಆಫ್ ಇದ್ದರೆ ಪಾಚಿಯ ಕಾಟ ಕಡಿಮೆ.

ಅದಾದ ಮೇಲೂ ಟ್ಯಾಂಕ್ ಪಕ್ವ ಆಗಿರುವುದಿಲ್ಲ. ಮೊದಲು ಕಂದು ಬಣ್ಣದ ಡಯಾಟಮ್ ಮರಳನ್ನು ಮುಚ್ಚುತ್ತದೆ, ನಂತರ ಹಸಿರು ಪಾಚಿ ಬರುತ್ತದೆ. ಇದು ಹೊಸ ಟ್ಯಾಂಕಿನ ಸಹಜ ಹಂತ, ಔಷಧಿ ಹಾಕಬೇಡಿ. ಟ್ರೋಕಸ್, ಸೆರಿತ್ ಬಗೆಯ ಬಸವನಹುಳಗಳನ್ನು ಬಿಡಿ, ಅವು ಮೇಯುತ್ತವೆ. ಕಲ್ಲಿನ ಮೇಲೆ ನೇರಳೆ ಬಣ್ಣದ ಕೋರಲೈನ್ ಪಾಚಿ ಚುಕ್ಕೆ ಚುಕ್ಕೆಯಾಗಿ ಮೂಡಿದರೆ ಅದು ಒಳ್ಳೆಯ ಸೂಚನೆ.

ಆವಿಯಾದ ನೀರು: ಪ್ರತಿದಿನದ ಲೆಕ್ಕ

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದು 50 ಲೀಟರ್ ನೀರಿದೆ, ದಿನಕ್ಕೆ ಒಂದು ಲೀಟರ್ ಆವಿಯಾಗುತ್ತದೆ ಅಂದುಕೊಳ್ಳಿ. 35 ಪಿಪಿಟಿ ಇದ್ದದ್ದು ಮಾರನೆ ದಿನ 35.7. ಮೂರು ದಿನ ಬಿಟ್ಟರೆ 37.2. ಆಗ ಅವಸರದಲ್ಲಿ ಮೂರು ಲೀಟರ್ ಶುದ್ಧ ನೀರು ಒಮ್ಮೆಗೇ ಸುರಿದರೆ ಮತ್ತೆ 35ಕ್ಕೆ ದಢಕ್ಕನೆ ಇಳಿಯುತ್ತದೆ. ಮೂರು ದಿನಕ್ಕೊಮ್ಮೆ ಹೀಗೆ ಏರಿ ಇಳಿದರೆ ಯಾವ ಹವಳ ತಾನೇ ಅರಳೀತು?

ತುಂಬಿಸಬೇಕಾದದ್ದು ಉಪ್ಪಿಲ್ಲದ ಆರ್‌ಒ ಡಿಐ ನೀರು. ಉಪ್ಪುನೀರು ತುಂಬಿಸಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಲೇ ಹೋಗುತ್ತದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು, ಬೆಳಗ್ಗೆ ಸಂಜೆ ಅಲ್ಲಿಯವರೆಗೆ ತುಂಬಿಸಿ. ಇದಕ್ಕೆಂದೇ ಆಟೋ ಟಾಪ್ ಆಫ್ ಎಂಬ ಉಪಕರಣ ಇದೆ. ಸೆನ್ಸರ್ ಮಟ್ಟ ನೋಡುತ್ತದೆ, ಪುಟ್ಟ ಪಂಪು ಸ್ವಲ್ಪ ಸ್ವಲ್ಪ ನೀರು ಬಿಡುತ್ತದೆ. ಪುಟ್ಟ ಟ್ಯಾಂಕಿಗೆ ಒಂದೇ ಒಂದು ಹೆಚ್ಚುವರಿ ಸಾಮಾನು ಕೊಳ್ಳಬಹುದು ಅಂದರೆ ನಾನು ಹೇಳುವುದು ಇದನ್ನೇ. ಅದರ ನೀರಿನ ಡಬ್ಬ ಮಾತ್ರ ಚಿಕ್ಕದಿರಲಿ. ಸೆನ್ಸರ್ ಕೆಟ್ಟು ಡಬ್ಬ ಪೂರ್ತಿ ಖಾಲಿಯಾದರೂ ಉಪ್ಪು ಅತಿಯಾಗಿ ಇಳಿಯಬಾರದು, ನೀರು ಹೊರಗೆ ಚೆಲ್ಲಬಾರದು.

ಆಲ್ಕಲಿನಿಟಿ: ಎಲ್ಲಕ್ಕಿಂತ ಮುಖ್ಯವಾದ ಟೆಸ್ಟ್

ಗಟ್ಟಿ ಹವಳ ತನ್ನ ಅಸ್ಥಿಯನ್ನು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಕಟ್ಟುತ್ತದೆ. ಕ್ಯಾಲ್ಸಿಯಂ ನೀರಿನಲ್ಲಿ ಧಾರಾಳವಾಗಿ ಇರುತ್ತದೆ. ಕಾರ್ಬೊನೇಟ್ ಕಡೆಯದು ಮಾತ್ರ ಬೇಗ ಖಾಲಿಯಾಗುತ್ತದೆ. ಅದನ್ನು ಅಳೆಯುವುದೇ ಆಲ್ಕಲಿನಿಟಿ ಟೆಸ್ಟ್, ಅಳತೆ ಡಿಕೆಎಚ್. ಸಮುದ್ರದಲ್ಲಿ ಸುಮಾರು 7 ಇರುತ್ತದೆ. ಟ್ಯಾಂಕಿನಲ್ಲಿ 8ರಿಂದ 9 ಸುರಕ್ಷಿತ. 7.5 ಆಗಲಿ 9.5 ಆಗಲಿ, ಹವಳ ಒಗ್ಗಿಕೊಳ್ಳುತ್ತದೆ. ಈ ವಾರ 7.5, ಮುಂದಿನ ವಾರ 9.5 ಆದರೆ ಒಗ್ಗುವುದಿಲ್ಲ. ತುದಿಗಳಲ್ಲಿ ಚರ್ಮ ಸುಟ್ಟ ಹಾಗೆ ಬಿಳಿಯಾಗಿ ಕಳಚುತ್ತದೆ.

ಬಳಕೆ ಎಷ್ಟಿದೆ ಅಂತ ಮೊದಲು ಕಂಡುಕೊಳ್ಳಬೇಕು. ಮಧ್ಯೆ ನೀರು ಬದಲಿಸದೆ, ಒಂದೇ ಹೊತ್ತಿಗೆ, ಒಂದೇ ಕಿಟ್‌ನಿಂದ ಎರಡು ಸಲ ಅಳೆಯಿರಿ. ಸೋಮವಾರ ಸಂಜೆ 8.6, ಗುರುವಾರ ಸಂಜೆ 8.0 ಬಂತು ಅನ್ನಿ. ಮೂರು ದಿನಕ್ಕೆ 0.6, ಅಂದರೆ ದಿನಕ್ಕೆ 0.2 ಬಳಕೆ. ಇದನ್ನು ತುಂಬಲು ಸೋಡಿಯಂ ಬೈಕಾರ್ಬೊನೇಟ್ ಸಾಕು, ಅದೇ ನಮ್ಮ ಅಡುಗೆ ಸೋಡಾ. ಒಂದು ಲೀಟರ್ ನೀರಿಗೆ ಒಂದು ಡಿಕೆಎಚ್ ಏರಿಸಲು ಸುಮಾರು 0.03 ಗ್ರಾಂ ಸೋಡಾ ಬೇಕು. 50 ಲೀಟರಿಗೆ 1.5 ಗ್ರಾಂ. ನಮಗೆ ಬೇಕಾದ 0.2ಕ್ಕೆ ದಿನಕ್ಕೆ 0.3 ಗ್ರಾಂ.

0.3 ಗ್ರಾಂ ಅನ್ನು ದಿನಾ ತೂಗುವುದು ಕಷ್ಟ. ಅದಕ್ಕೆ 60 ಗ್ರಾಂ ಸೋಡಾವನ್ನು ಆರ್‌ಒ ಡಿಐ ನೀರಿನಲ್ಲಿ ಕರಗಿಸಿ, ಒಟ್ಟು ಒಂದು ಲೀಟರ್ ಆಗುವಂತೆ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಅದರ 5 ಮಿಲಿಲೀಟರ್‌ನಲ್ಲಿ 0.3 ಗ್ರಾಂ ಇರುತ್ತದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು, ಪಂಪಿನ ಮುಂದೆ, ಹರಿವು ಜೋರಾಗಿರುವ ಕಡೆ ನಿಧಾನವಾಗಿ ಬಿಡಿ. ಪೊಟ್ಟಣದ ಮೇಲೆ ಬೇಕಿಂಗ್ ಪೌಡರ್ ಎಂದಿದ್ದರೆ ಅದನ್ನು ಬಳಸಬೇಡಿ. ಅದರಲ್ಲಿ ಸೋಡಾ ಜೊತೆ ಆಮ್ಲ, ಪಿಷ್ಟ ಎಲ್ಲ ಸೇರಿರುತ್ತದೆ. ಆಲ್ಕಲಿನಿಟಿ ತುಂಬಾ ಇಳಿದಿದ್ದರೂ ಒಂದೇ ದಿನಕ್ಕೆ ಎತ್ತಲು ಹೋಗಬೇಡಿ. ದಿನಕ್ಕೆ ಅರ್ಧ ಡಿಕೆಎಚ್ ಸಾಕು, ಯಾವ ಕಾರಣಕ್ಕೂ ಒಂದನ್ನು ದಾಟಬಾರದು.

ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಇರಲಿ. ಹವಳ ಒಂದು ಡಿಕೆಎಚ್ ಬಳಸುವಾಗ ಸುಮಾರು 7 ಪಿಪಿಎಂ ಕ್ಯಾಲ್ಸಿಯಂ ಬಳಸುತ್ತದೆ. ಮೇಲಿನ ಲೆಕ್ಕದ ಟ್ಯಾಂಕಿನಲ್ಲಿ ವಾರಕ್ಕೆ ಹತ್ತು ಪಿಪಿಎಂ ಇಳಿಯುತ್ತದೆ, ಅಷ್ಟೇ. ಹಾಗಾಗಿ ಕ್ಯಾಲ್ಸಿಯಂ ಅನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಕ್ಯಾಲ್ಸಿಯಂ ಏರಿಸಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನು ಸೋಡಾ ಜೊತೆ ಒಟ್ಟಿಗೆ ಹಾಕಬೇಡಿ, ಎರಡೂ ಸೇರಿ ಸುಣ್ಣದ ಪುಡಿಯಾಗಿ ಉದುರುತ್ತದೆ. ಬೇರೆ ಬೇರೆ ಹೊತ್ತಿಗೆ ಹಾಕಿ. ಮೆಗ್ನೀಸಿಯಂ 1250ರಿಂದ 1400 ಇರಬೇಕು. ಅದು ಕಡಿಮೆಯಾದರೆ ಉಳಿದೆರಡನ್ನೂ ಹಿಡಿದು ನಿಲ್ಲಿಸುವುದು ಕಷ್ಟ.

ಬರೀ ಮೃದು ಹವಳ ಇದ್ದರೆ ಇಷ್ಟೆಲ್ಲ ಬೇಕಿಲ್ಲ, ವಾರದ ನೀರು ಬದಲಾವಣೆಯೇ ಸಾಕಾಗುತ್ತದೆ. ಪಿಎಚ್ 7.8ರಿಂದ 8.4ರ ಒಳಗಿದ್ದರೆ ಅದರ ಹಿಂದೆ ಬೀಳಬೇಡಿ. ರಾತ್ರಿ ಇಳಿಯುವುದು, ಹಗಲು ಏರುವುದು ಸಹಜ. ತೀರಾ ಕಡಿಮೆ ಅನಿಸಿದರೆ ಕಿಟಕಿ ತೆರೆದು ನೋಡಿ. ಮುಚ್ಚಿದ ಕೋಣೆಯ ಇಂಗಾಲದ ಡೈಆಕ್ಸೈಡ್ ನೀರಿಗೂ ಇಳಿದಿರುತ್ತದೆ.

ನೈಟ್ರೇಟ್, ಫಾಸ್ಫೇಟ್: ಸೊನ್ನೆ ಬೇಡ

ಇವು ಕೊಳೆ, ಪೂರ್ತಿ ತೆಗೆಯಬೇಕು ಅನ್ನುವ ಮಾತು ಎಲ್ಲೆಲ್ಲೂ ಇದೆ. ನನ್ನ ಮಟ್ಟಿಗೆ ಹೊಸಬರ ಟ್ಯಾಂಕಿಗೆ ಅತಿ ಹೆಚ್ಚು ಹಾನಿ ಮಾಡಿದ ಸಲಹೆ ಇದೇ. ಹವಳದೊಳಗಿನ ಪಾಚಿಗೆ ಸಾರಜನಕ, ರಂಜಕ ಎರಡೂ ಬೇಕು. ಸೊನ್ನೆ ಮಾಡಿದರೆ ಹವಳ ಬಿಳಿಚಿಕೊಂಡು ಸೊರಗುತ್ತದೆ. ಜೊತೆಗೆ ಡೈನೊಫ್ಲಾಜೆಲೇಟ್ ಎಂಬ ಪಿಡುಗು ಬರುತ್ತದೆ: ಕಂದು ಬಣ್ಣದ ಲೋಳೆ, ಎಳೆ ಎಳೆಯಾಗಿ ತೂಗಾಡುತ್ತ, ಒಳಗೆ ಗುಳ್ಳೆ ಹಿಡಿದುಕೊಂಡಿರುತ್ತದೆ. ಒಮ್ಮೆ ಬಂದರೆ ತಿಂಗಳುಗಟ್ಟಲೆ ಕಾಡುತ್ತದೆ.

ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಜಾಸ್ತಿಯಾದರೆ ಮೊದಲು ಮೀನಿನ ಊಟ ಕಡಿಮೆ ಮಾಡಿ. ನೀರು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವಂತಿಲ್ಲ. ನೈಟ್ರೇಟ್ 20 ಇದ್ದಾಗ ಹತ್ತು ಶೇಕಡಾ ನೀರು ಬದಲಿಸಿದರೆ 18ಕ್ಕೆ ಇಳಿಯುತ್ತದೆ, ಅಷ್ಟೇ. ಫಾಸ್ಫೇಟ್ ಹೀರುವ ಜಿಎಫ್‌ಒ ಹಾಕುವುದಾದರೆ ಪೊಟ್ಟಣದ ಮೇಲೆ ಹೇಳಿದ್ದರ ಅರ್ಧದಷ್ಟು ಹಾಕಿ. ಒಂದೇ ದಿನದಲ್ಲಿ ಫಾಸ್ಫೇಟ್ ಪೂರ್ತಿ ಎಳೆದುಬಿಟ್ಟರೆ ಹವಳಕ್ಕೆ ದೊಡ್ಡ ಪೆಟ್ಟು.

60 ಲೀಟರ್ ಟ್ಯಾಂಕಿಗೆ ಎರಡು ಸಣ್ಣ ಮೀನು ಸಾಕು. ಒಂದು ಜೋಡಿ ಕ್ಲೌನ್ ಮೀನು, ಇಲ್ಲವೇ ಒಂದೆರಡು ಗೋಬಿ. ಬಟರ್‌ಫ್ಲೈ ಮೀನುಗಳಲ್ಲಿ ಹಲವು ಹವಳವನ್ನೇ ತಿನ್ನುತ್ತವೆ, ಅವು ಬೇಡ.

ಬೆಳಕು

ಹವಳದ ಪಾಚಿ ಹೆಚ್ಚಾಗಿ ಬಳಸುವುದು ನೀಲಿ ಬೆಳಕನ್ನು, 420ರಿಂದ 480 ನ್ಯಾನೊಮೀಟರ್ ಸುತ್ತಮುತ್ತ. ಬೆಳಕಿನ ಬಲವನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೃದು ಹವಳಕ್ಕೆ 50ರಿಂದ 100, ಎಲ್‌ಪಿಎಸ್‌ಗೆ 80ರಿಂದ 150, ಎಸ್‌ಪಿಎಸ್‌ಗೆ 200ರಿಂದ 350 ಒಂದು ಅಂದಾಜು. ದಿನಕ್ಕೆ ಎಂಟರಿಂದ ಹತ್ತು ಗಂಟೆ ಸಾಕು, ಶುರುವಿನ ಒಂದು ಗಂಟೆ ನಿಧಾನವಾಗಿ ಏರಲಿ, ಕೊನೆಯ ಒಂದು ಗಂಟೆ ನಿಧಾನವಾಗಿ ಇಳಿಯಲಿ. ಟೈಮರ್ ಇಲ್ಲದೆ ಕೈಯಲ್ಲಿ ಹಾಕಿ ತೆಗೆಯುವುದು ಬೇಡ.

ಬೆಳಕು ಕಡಿಮೆಯಾದರೆ ಹವಳ ಕಂದು ಬಣ್ಣಕ್ಕೆ ತಿರುಗಿ, ಬೆಳಕಿನ ಕಡೆಗೆ ಉದ್ದವಾಗಿ ಚಾಚುತ್ತದೆ. ಅದಕ್ಕೆ ವಾರಗಟ್ಟಲೆ ಸಮಯ ಇದೆ, ಗಾಬರಿ ಬೇಡ. ಬೆಳಕು ಜಾಸ್ತಿಯಾದರೆ ಕೆಲವೇ ದಿನದಲ್ಲಿ ಬಿಳಿಚಿ ಸುಟ್ಟುಹೋಗುತ್ತದೆ. ಹಾಗಾಗಿ ಅನುಮಾನ ಬಂದರೆ ಕಡಿಮೆ ಬೆಳಕೇ ಮೇಲು. ಹೊಸ ಹವಳವನ್ನು ಯಾವ ಜಾತಿಯಾದರೂ ಮೊದಲು ತಳದಲ್ಲಿ ಇಡಿ. ಹೊಸ ಲೈಟ್ ತಂದರೆ ಅರ್ಧ ಬಲದಿಂದ ಶುರು ಮಾಡಿ, ವಾರಕ್ಕೆ ಐದು ಶೇಕಡಾ ಏರಿಸಿ.

ಹರಿವು

ಹವಳ ಓಡಾಡುವುದಿಲ್ಲ. ಆಮ್ಲಜನಕ, ಊಟ ಅದರ ಬಳಿಗೇ ಬರಬೇಕು, ಕಸ ಅಲ್ಲಿಂದ ಹೋಗಬೇಕು. ಮೃದು ಹವಳ, ಎಲ್‌ಪಿಎಸ್ ಇರುವ ಟ್ಯಾಂಕಿನಲ್ಲಿ ಗಂಟೆಗೆ ಒಟ್ಟು ನೀರಿನ 20ರಿಂದ 30 ಪಟ್ಟು ಹರಿವು ಇರಲಿ, ಎಸ್‌ಪಿಎಸ್‌ಗೆ 40 ಪಟ್ಟಿಗಿಂತ ಹೆಚ್ಚು ಬೇಕು. ಒಂದೇ ದಿಕ್ಕಿನಲ್ಲಿ ಧಾರೆ ಬಡಿಯಬಾರದು. ವೇವ್‌ಮೇಕರ್ ಇದ್ದರೆ ಅಲೆಯ ಹಾಗೆ ಏರಿಳಿಯುವಂತೆ ಇಡಿ, ಇಲ್ಲವೇ ಪಂಪನ್ನು ಎದುರು ಗಾಜಿಗೆ ತಿರುಗಿಸಿ. ಹ್ಯಾಮರ್ ಹವಳದ ಎಳೆಗಳು ಮೆಲ್ಲಗೆ ಆ ಕಡೆ ಈ ಕಡೆ ತೂಗುತ್ತಿದ್ದರೆ ಸರಿಯಾಗಿದೆ. ಒಂದೇ ಬದಿಗೆ ಬಾಗಿ, ಅಸ್ಥಿಯ ಅಂಚು ಕಾಣಿಸುತ್ತಿದ್ದರೆ ಹರಿವು ಜಾಸ್ತಿ.

ಹವಳ ಆರಿಸಿ ತರುವುದು

ಸೈಕಲ್ ಮುಗಿದು ಒಂದು ತಿಂಗಳಾದ ಮೇಲೆ ಮೃದು ಹವಳ ತನ್ನಿ. ಝೋಯಾಂಥಿಡ್, ಮಶ್ರೂಮ್, ಟೋಡ್‌ಸ್ಟೂಲ್ ಲೆದರ್ ಒಳ್ಳೆಯ ಆರಂಭ. ಮೂರು ನಾಲ್ಕು ತಿಂಗಳ ನಂತರ ಕ್ಯಾಂಡಿ ಕೇನ್, ಡಂಕನ್, ಆಮೇಲೆ ಹ್ಯಾಮರ್. ಎಸ್‌ಪಿಎಸ್‌ಗೆ ಒಂದು ವರ್ಷ ಕಾಯಿರಿ, ಮಾಂಟಿಪೋರಾದಿಂದ ಶುರು ಮಾಡಿ. ಸನ್ ಕೋರಲ್ ಎಂಬ ಕಿತ್ತಳೆ ಬಣ್ಣದ ಹವಳ ಕಣ್ಣು ಸೆಳೆಯುತ್ತದೆ. ಅದರ ಮೈಯಲ್ಲಿ ಪಾಚಿ ಇಲ್ಲ, ಪ್ರತಿ ಬಾಯಿಗೂ ಊಟ ಹಾಕುತ್ತಲೇ ಇರಬೇಕು. ಹೊಸಬರು ಬಿಟ್ಟುಬಿಡಿ.

ಸಮುದ್ರದಿಂದ ಕಿತ್ತು ತಂದ ಹವಳ ಕೊಳ್ಳಬೇಡಿ. ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳು, ಅಂದರೆ ಫ್ರ್ಯಾಗ್‌ಗಳು, ಟ್ಯಾಂಕಿನ ಜೀವನಕ್ಕೆ ಆಗಲೇ ಒಗ್ಗಿರುತ್ತವೆ. ಎಲ್ಲ ಗಟ್ಟಿ ಹವಳಗಳೂ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಗಡಿ ದಾಟಿಸಲು ಅನುಮತಿ ಬೇಕು. ಕೆಲವು ದೇಶಗಳಲ್ಲಿ ಹವಳ ಇಟ್ಟುಕೊಳ್ಳುವುದಕ್ಕೇ ಕಟ್ಟುನಿಟ್ಟಿನ ಕಾನೂನು ಇದೆ. ಅದನ್ನು ತಿಳಿದುಕೊಂಡೇ ಮುಂದುವರಿಯಿರಿ.

ಕೊಳ್ಳುವಾಗ ಅರಳಿದ ಪಾಲಿಪ್‌ಗಳಿಗಿಂತ ಬುಡವನ್ನು ನೋಡಿ. ಚರ್ಮ ಅಸ್ಥಿಯಿಂದ ಬಿಟ್ಟುಕೊಂಡಿದೆಯಾ, ಬಿಳಿ ಅಸ್ಥಿ ಹೊಸದಾಗಿ ತೆರೆದುಕೊಂಡಿದೆಯಾ, ಫ್ರ್ಯಾಗ್ ಅಂಟಿಸಿದ ಬಿಲ್ಲೆಯ ಮೇಲೆ ಪಾಚಿ ಅಥವಾ ಐಪ್ಟೇಸಿಯಾ ಇದೆಯಾ ಅಂತ. ಐಪ್ಟೇಸಿಯಾ ಎನ್ನುವುದು ಕಂದು ಬಣ್ಣದ, ಪುಟ್ಟ ತಾಳೆಮರದಂಥ ಹೂಜೀವಿ. ಒಂದು ಬಂದರೆ ಟ್ಯಾಂಕ್ ತುಂಬ ಹರಡುತ್ತದೆ.

ತಂದ ಮೇಲೆ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ತಾಪಮಾನ ಸಮವಾಗಲಿ. ಚೀಲದ ನೀರಿನ ಉಪ್ಪು ಅಳೆಯಿರಿ. ವ್ಯತ್ಯಾಸ ಹೆಚ್ಚಿದ್ದರೆ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಅರ್ಧ ಗಂಟೆ ಸೇರಿಸಿ. ನಂತರ ಎರಡು ಡಬ್ಬಗಳಲ್ಲಿ ಟ್ಯಾಂಕಿನ ನೀರು ತೆಗೆದುಕೊಳ್ಳಿ. ಒಂದಕ್ಕೆ ಕೋರಲ್ ಡಿಪ್ ಔಷಧಿಯನ್ನು ಅದರ ಮೇಲೆ ಬರೆದಷ್ಟೇ ಹಾಕಿ, ಹೇಳಿದಷ್ಟೇ ನಿಮಿಷ ಹವಳವನ್ನು ಅದ್ದಿಡಿ. ಮಧ್ಯೆ ಮಧ್ಯೆ ಪಿಪೆಟ್‌ನಿಂದ ಹವಳದ ಸಂದುಗಳಿಗೆ ನೀರು ಚಿಮ್ಮಿಸಿ. ಚಪ್ಪಟೆ ಹುಳು, ಹವಳ ತಿನ್ನುವ ನುಡಿಬ್ರ್ಯಾಂಕ್ ಇದ್ದರೆ ಉದುರಿ ತಳದಲ್ಲಿ ಕಾಣುತ್ತದೆ. ಎರಡನೇ ಡಬ್ಬದಲ್ಲಿ ತೊಳೆದು ಟ್ಯಾಂಕಿಗೆ ಇಡಿ. ಡಿಪ್ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಅದಕ್ಕೇ ಸಾಧ್ಯವಾದರೆ ಹಳೆ ಬಿಲ್ಲೆಯನ್ನು ಕತ್ತರಿಸಿ ಎಸೆದು ಹೊಸದಕ್ಕೆ ಅಂಟಿಸಿ. ಚೀಲದ ನೀರು ಯಾವತ್ತೂ ಟ್ಯಾಂಕಿಗೆ ಹೋಗಬಾರದು.

ಎಲ್ಲಿ ಇಡಬೇಕು

ಹವಳಗಳು ಜಾಗಕ್ಕಾಗಿ ಜಗಳ ಆಡುತ್ತವೆ. ಟಾರ್ಚ್‌ನಂಥವು ರಾತ್ರಿ ಉದ್ದದ ಎಳೆ ಚಾಚಿ ಪಕ್ಕದವರನ್ನು ಕುಟುಕುತ್ತವೆ. ಅದರ ಸುತ್ತ 15 ಸೆಂಟಿಮೀಟರ್ ಖಾಲಿ ಬಿಡಿ. ಗ್ಯಾಲಕ್ಸಿಯಾದ ಎಳೆ ಅದಕ್ಕಿಂತ ತುಂಬಾ ದೂರ ಹೋಗುತ್ತದೆ, ಪುಟ್ಟ ಟ್ಯಾಂಕಿಗೆ ಅದು ಬೇಡವೇ ಬೇಡ. ಗ್ರೀನ್ ಸ್ಟಾರ್ ಪಾಲಿಪ್, ಝೀನಿಯಾ ಎರಡನ್ನೂ ಬೇರೆ ಕಲ್ಲಿನ ಮೇಲೆ, ಮರಳಿನ ನಡುವೆ ಒಂಟಿಯಾಗಿ ಇಡಿ. ಮುಖ್ಯ ಕಲ್ಲಿಗೆ ಹತ್ತಿದರೆ ಚಾಪೆ ಹಾಸಿದ ಹಾಗೆ ಎಲ್ಲವನ್ನೂ ಮುಚ್ಚುತ್ತವೆ. ಲೆದರ್ ಹವಳ ನೀರಿಗೆ ರಾಸಾಯನಿಕ ಬಿಟ್ಟು ಇತರರನ್ನು ಕುಗ್ಗಿಸುತ್ತದೆ, ಹಾಗಾಗಿ ಸ್ವಲ್ಪ ಆಕ್ಟಿವೇಟೆಡ್ ಕಾರ್ಬನ್ ಸದಾ ಇರಲಿ, ತಿಂಗಳಿಗೊಮ್ಮೆ ಬದಲಿಸಿ. ಇಟ್ಟ ಮೇಲೆ ಎರಡು ವಾರ ಮುಟ್ಟಬೇಡಿ. ದಿನಾ ಜಾಗ ಬದಲಿಸಿದರೆ ಹವಳ ಅರಳುವುದೇ ಇಲ್ಲ.

ಊಟ

ಎಲ್‌ಪಿಎಸ್‌ಗೆ ವಾರಕ್ಕೆ ಒಂದೆರಡು ಸಲ ಸಣ್ಣದಾಗಿ ಹೆಚ್ಚಿದ ಮೈಸಿಸ್ ಸಿಗಡಿ ಕೊಡಿ. ಪಂಪು ಹತ್ತು ನಿಮಿಷ ನಿಲ್ಲಿಸಿ, ಪಿಪೆಟ್‌ನಿಂದ ಎಳೆಗಳ ಮೇಲೆ ಮೆಲ್ಲಗೆ ಬಿಡಿ. ಎಳೆಗಳು ಮಡಚಿಕೊಂಡು ಅದನ್ನು ಬಾಯಿಯ ಕಡೆ ಸಾಗಿಸುವುದು ಕಣ್ಣಿಗೇ ಕಾಣುತ್ತದೆ. ಪಂಪು ಮತ್ತೆ ಹಾಕಲು ಮರೆಯಬೇಡಿ. ಮೃದು ಹವಳಕ್ಕೆ ಮೀನಿನ ಊಟದ ಚೂರುಗಳೇ ಸಾಕು.

ವಾರದ ಕೆಲಸ

ಹತ್ತು ಶೇಕಡಾ ನೀರು ಬದಲಿಸಿ. ಹಿಂದಿನ ದಿನವೇ ಉಪ್ಪುನೀರು ಕಲಸಿಡಿ, ತಾಪಮಾನ, ಉಪ್ಪು ಎರಡೂ ಟ್ಯಾಂಕಿನದಕ್ಕೆ ಸಮ ಮಾಡಿ. ಗಾಜು ಉಜ್ಜಿ, ಕಲ್ಲಿನ ಸಂದುಗಳಿಗೆ ನೀರು ಚಿಮ್ಮಿಸಿ ಕಸ ಎಬ್ಬಿಸಿ, ಆ ಕಸವನ್ನೇ ಹಳೆ ನೀರಿನ ಜೊತೆ ಎಳೆದುಹಾಕಿ. ಫಿಲ್ಟರ್ ಫ್ಲಾಸ್ ಬದಲಿಸಿ. ಆಲ್ಕಲಿನಿಟಿಯನ್ನು ವಾರಕ್ಕೆರಡು ಸಲ, ಉಳಿದವನ್ನು ಒಂದು ಸಲ ಅಳೆದು ಪುಸ್ತಕದಲ್ಲಿ ಬರೆಯಿರಿ. ಒಂದು ನಂಬರು ವಿಚಿತ್ರವಾಗಿ ಬಂದರೆ, ಏನಾದರೂ ಹಾಕುವ ಮುಂಚೆ ಇನ್ನೊಮ್ಮೆ ಟೆಸ್ಟ್ ಮಾಡಿ. ತಪ್ಪಿರುವುದು ನೀರಲ್ಲ, ಟೆಸ್ಟ್ ಅಂತ ಗೊತ್ತಾಗುವುದು ಅಪರೂಪವೇನಲ್ಲ.

ಹವಳ ಮುದುಡಿದರೆ

ಎಲ್ಲ ಹವಳವೂ ಒಟ್ಟಿಗೆ ಮುದುಡಿದ್ದರೆ ನೀರಿನಲ್ಲಿ ತೊಂದರೆ. ಮೊದಲು ತಾಪಮಾನ, ಆಮೇಲೆ ಉಪ್ಪು, ಆಮೇಲೆ ಆಲ್ಕಲಿನಿಟಿ ನೋಡಿ. ಒಂದೇ ಹವಳ ಮುದುಡಿದ್ದರೆ ಅದರ ಜಾಗ, ನೆರೆಯವರು, ಹುಳು ಇವುಗಳ ಕಡೆ ಗಮನ ಕೊಡಿ. ರಾತ್ರಿ ಟಾರ್ಚ್ ಲೈಟ್ ಹಿಡಿದು ನೋಡಿದರೆ ಹಗಲು ಕಾಣದ ಹುಳು ಕಾಣುತ್ತದೆ.

ಲೆದರ್ ಹವಳ ಕೆಲವು ದಿನ ಮುಚ್ಚಿಕೊಂಡು, ಮೇಣದಂಥ ಪೊರೆ ಹೊದ್ದು ಕೂರುತ್ತದೆ. ಇದು ಕಾಯಿಲೆ ಅಲ್ಲ. ಹಳೆ ಪೊರೆ ಕಳಚುತ್ತಿದೆ, ಹರಿವು ಚೆನ್ನಾಗಿದ್ದರೆ ತಾನೇ ಹೋಗುತ್ತದೆ. ಬಣ್ಣ ಹೋಗಿ ಬೆಳ್ಳಗಾಗಿದ್ದರೂ ಚರ್ಮ ಇದೆ, ಪಾಲಿಪ್ ಅಲುಗುತ್ತಿದೆ ಅಂದರೆ ಅದು ಬ್ಲೀಚಿಂಗ್. ಬೆಳಕು ತಗ್ಗಿಸಿ, ಸ್ವಲ್ಪ ಊಟ ಕೊಡಿ, ವಾರಗಳಲ್ಲಿ ಚೇತರಿಸಿಕೊಳ್ಳಬಹುದು. ಚರ್ಮವೇ ಉದುರಿ ಅಸ್ಥಿ ಬರಿದಾಗುತ್ತಿದ್ದರೆ ಅದು ಬೇರೆ. ಎಸ್‌ಪಿಎಸ್‌ನಲ್ಲಿ ಇದು ಗಂಟೆಗಳಲ್ಲೇ ಹರಡಬಹುದು. ಆರೋಗ್ಯವಾಗಿ ಉಳಿದ ತುದಿಯನ್ನು ಕತ್ತರಿಸಿ ಬೇರೆ ಇಡುವುದೊಂದೇ ದಾರಿ.

ಹ್ಯಾಮರ್, ಟಾರ್ಚ್‌ಗಳ ಮೇಲೆ ಕಂದು ಬಣ್ಣದ, ಕೆಟ್ಟ ವಾಸನೆಯ ಲೋಳೆ ಕಂಡರೆ ತಡ ಮಾಡಬೇಡಿ. ಅದು ಬ್ರೌನ್ ಜೆಲ್ಲಿ, ಪಕ್ಕದ ಹವಳಕ್ಕೂ ಹರಡುತ್ತದೆ. ಪಂಪು ನಿಲ್ಲಿಸಿ, ಲೋಳೆ ಚದುರದಂತೆ ಕೊಳವೆಯಿಂದ ಎಳೆದುಹಾಕಿ, ಹವಳವನ್ನು ಹೊರತೆಗೆಯಿರಿ. ರೋಗ ತಗುಲಿದ ಕವಲನ್ನು ಕತ್ತರಿಸಿ, ಉಳಿದದ್ದನ್ನು ಅಯೋಡಿನ್ ಡಿಪ್ ಮಾಡಿ ಬೇರೆ ಡಬ್ಬದಲ್ಲಿ ಇಡಿ.

ಮೀನಿಗೆ ಕಾಯಿಲೆ ಬಂದರೆ ತಾಮ್ರದ ಔಷಧಿಯನ್ನು ಹವಳದ ಟ್ಯಾಂಕಿಗೆ ಯಾವ ಕಾರಣಕ್ಕೂ ಹಾಕಬೇಡಿ. ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ ಚಿಕಿತ್ಸೆ ಕೊಡಿ.

ನಿಮ್ಮ ಸುರಕ್ಷತೆ, ಕರೆಂಟು

ಪ್ಯಾಲಿಥೋವಾ ಮತ್ತು ಕೆಲವು ಝೋಯಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಅವುಗಳಿರುವ ಕಲ್ಲನ್ನು ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿಸಿ ಬ್ರಷ್‌ನಿಂದ ಉಜ್ಜಬೇಡಿ. ಆವಿಯನ್ನು ಉಸಿರಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಎರಡೂ ಇರಲಿ. ಕೈಯಲ್ಲಿ ಗಾಯ ಇದ್ದರೆ ಟ್ಯಾಂಕಿಗೆ ಬರಿಗೈ ಹಾಕಬೇಡಿ.

ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಮೇಲೇರಲಿ. ಆಗ ವೈರಿನ ಮೇಲೆ ಹರಿದ ನೀರು ಪ್ಲಗ್‌ಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಟ್ಯಾಂಕಿನ ಲೈನಿಗೆ, ಕರೆಂಟು ಸೋರಿದರೆ ತಾನೇ ಆಫ್ ಮಾಡುವ ಆರ್‌ಸಿಸಿಬಿ ಹಾಕಿಸಿ. ಕರೆಂಟು ಹೋದಾಗ ಮೊದಲು ಕೊರತೆಯಾಗುವುದು ಆಮ್ಲಜನಕ. ಲೈಟ್ ಒಂದೆರಡು ದಿನ ಇಲ್ಲದಿದ್ದರೂ ಹವಳ ತಡೆದುಕೊಳ್ಳುತ್ತದೆ, ನಿಂತ ನೀರನ್ನು ಅಷ್ಟು ಹೊತ್ತು ತಡೆಯುವುದಿಲ್ಲ. ಕರೆಂಟು ಹೋದ ಕೂಡಲೇ ತಾನೇ ಚಾಲೂ ಆಗುವ ಬ್ಯಾಟರಿ ಏರ್ ಪಂಪು ಒಂದನ್ನು ಇಟ್ಟುಕೊಳ್ಳಿ. ಇಲ್ಲದಿದ್ದರೆ ಲೋಟದಲ್ಲಿ ನೀರು ಎತ್ತಿ ಸುರಿಯುತ್ತಿರಿ, ಮೀನಿಗೆ ಊಟ ಹಾಕಬೇಡಿ.

ಬೆಳೆದ ಮೇಲೆ

ಒಂದು ಹವಳ ಇನ್ನೊಂದಕ್ಕೆ ತಾಗುವಷ್ಟು ಬೆಳೆದರೆ ಕತ್ತರಿಸುವ ಕಾಲ ಬಂದಿದೆ. ಮಶ್ರೂಮ್, ಲೆದರ್‌ಗೆ ಹರಿತವಾದ ಬ್ಲೇಡ್ ಸಾಕು. ಹ್ಯಾಮರ್, ಕ್ಯಾಂಡಿ ಕೇನ್‌ಗಳಲ್ಲಿ ಕವಲಿನ ಅಸ್ಥಿಯನ್ನು, ಪಾಲಿಪ್‌ನ ಚರ್ಮ ಮುಗಿದ ಮೇಲೆ ಒಂದೆರಡು ಸೆಂಟಿಮೀಟರ್ ಕೆಳಗೆ ಕಟ್ಟರ್‌ನಿಂದ ಕತ್ತರಿಸಿ. ಕತ್ತರಿಸಿದ ತುಂಡನ್ನು ಸಯನೊಅಕ್ರಿಲೇಟ್ ಜೆಲ್ ಅಂಟಿನಿಂದ ಬಿಲ್ಲೆಗೆ ಅಂಟಿಸಬಹುದು, ಅದು ನೀರಿನೊಳಗೂ ಗಟ್ಟಿಯಾಗುತ್ತದೆ. ಲೆದರ್, ಮಶ್ರೂಮ್ ಜಾರುವುದರಿಂದ ಅಂಟು ನಿಲ್ಲುವುದಿಲ್ಲ. ಸಣ್ಣ ಕಲ್ಲುಚೂರುಗಳ ಡಬ್ಬದಲ್ಲಿ ಹಾಕಿ ಹರಿವು ಕಡಿಮೆ ಇರುವ ಕಡೆ ಇಟ್ಟರೆ, ಒಂದೆರಡು ವಾರದಲ್ಲಿ ತಾವೇ ಕಲ್ಲಿಗೆ ಹಿಡಿದುಕೊಳ್ಳುತ್ತವೆ. ಒಂದೆರಡು ತುಂಡನ್ನು ಇನ್ನೊಬ್ಬ ಸಾಕುವವರ ಟ್ಯಾಂಕಿನಲ್ಲಿ ಬೆಳೆಯಲು ಕೊಟ್ಟಿರಿ. ನಿಮ್ಮ ಟ್ಯಾಂಕಿನಲ್ಲಿ ಏನಾದರೂ ಅನಾಹುತ ಆದರೆ ಅದೇ ಹವಳದ ತುಂಡು ಅಲ್ಲಿಂದ ವಾಪಸ್ ಸಿಗುತ್ತದೆ.